ಪರ್ಮಿಟ್ಟಿನ ವಾರಸುದಾರರು

ಬಸ್ಸಿನ ಮಾಲೀಕ ತೀರಿಕೊಂಡರೆ ಬಸ್ಸು ಮಕ್ಕಳದಾಗುತ್ತದೆ, ಅದರಲ್ಲಿ ಯಾರ ತಕರಾರೂ ಇಲ್ಲ. ಆದರೆ ಆ ಬಸ್ಸು ಓಡುವ ರೂಟು? 1988ರ ಮೋಟಾರು ವಾಹನ ಕಾಯ್ದೆಯ 82ನೇ ಕಲಮಿನ ಪ್ರಕಾರ, ಪರ್ಮಿಟ್ ಪಡೆದವನು ಸತ್ತರೆ ವಾಹನ ಯಾರ ಕೈಗೆ ಬರುತ್ತದೋ ಅವರು ಮೂವತ್ತು ದಿನದೊಳಗೆ ಸಾರಿಗೆ ಪ್ರಾಧಿಕಾರಕ್ಕೆ ವಿಷಯ ತಿಳಿಸಬೇಕು. ತಿಳಿಸಿದರೆ ಮೂರು ತಿಂಗಳ ಮಟ್ಟಿಗೆ ಹಳೆಯ ಪರ್ಮಿಟ್ಟಿನಲ್ಲೇ ಬಸ್ಸು ಓಡಿಸಬಹುದು. ಆಮೇಲೂ ಓಡಿಸಬೇಕೆಂದರೆ ಅರ್ಜಿ ಹಾಕಿ ತಮ್ಮ ಹೆಸರಿಗೆ ವರ್ಗ ಮಾಡಿಸಿಕೊಳ್ಳಬೇಕು. ಅಪ್ಪನ ಮನೆ, ತೋಟ, ಬ್ಯಾಂಕಿನ ಠೇವಣಿ ಎಲ್ಲವೂ ಉಯಿಲಿನಲ್ಲಿ ಬರುತ್ತವೆ. ಬೆಳಗ್ಗೆ ಆರೂ ಹತ್ತಕ್ಕೆ ಊರಿಂದ ಹೊರಡುವ ಹಕ್ಕು ಮಾತ್ರ ಹಾಗೆ ಬರುವುದಿಲ್ಲ.

ಬಸ್ಸಿನ ವ್ಯವಹಾರ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪರ್ಮಿಟ್ ಇಲ್ಲದ ಬಸ್ಸು ಎಂದರೆ ತಗಡು, ಸೀಟು, ಟಯರು, ಅಷ್ಟೆ. ಬೆಲೆ ಇರುವುದು ಟೈಮಿಂಗಿಗೆ. ಹಾಗಾದರೆ ಬಸ್ಸು ಕಂಪನಿ ನಡೆಸುವ ಮನೆತನದ ಕೈಯಲ್ಲಿ ನಿಜಕ್ಕೂ ಇರುವುದೇನು? ಈಶಾವಾಸ್ಯ ಉಪನಿಷತ್ತಿನಿಂದ ಹಿಡಿದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳವರೆಗೆ ಅನೇಕರು ತಲೆಕೆಡಿಸಿಕೊಂಡ ಪ್ರಶ್ನೆಯಿದು: ಒಡೆತನ ಎಂದರೆ ಏನು?

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಯಾವುದೇ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಪ್ರಶ್ನೆಗೆ ಮೈ ಬರುತ್ತದೆ. ಅಲ್ಲಿ ಖಾಸಗಿ ಬಸ್ಸುಗಳದೇ ದರ್ಬಾರು. ದುರ್ಗಾಂಬಾ, ಹನುಮಾನ್, ಶಂಕರ ವಿಠಲ ಎಂದು ಬಸ್ಸಿನ ಹಣೆಯ ಮೇಲೆ ದೇವರ ಹೆಸರು. ಆಯುಧಪೂಜೆಯ ದಿನ ಎದುರಿಗೆ ಬೂದುಗುಂಬಳ ಒಡೆಯುತ್ತಾರೆ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಹೆಸರು ದೇವರದು, ಆರ್‌ಸಿ ಮನೆತನದ್ದು, ರಸ್ತೆ ಸರ್ಕಾರದ್ದು. ದಿನಾ ಹತ್ತುವ ಶಾಲೆಯ ಮೇಷ್ಟ್ರು, ಮೀನಿನ ಬುಟ್ಟಿಯ ಹೆಂಗಸು 'ನಮ್ಮ ಬಸ್ಸು ಬಂತು' ಎನ್ನುತ್ತಾರೆ. ಎಷ್ಟೋ ಊರುಗಳಲ್ಲಿ ಮಾಲೀಕನ ಹೆಸರು ಯಾರಿಗೂ ಗೊತ್ತಿಲ್ಲ, ಬಸ್ಸಿಗೆ 'ಏಳೂವರೆ ಬಸ್ಸು' ಎಂದೇ ಹೆಸರು. ಆ ಏಳೂವರೆಗಾಗಿಯೇ ಎರಡು ಕಂಪನಿಗಳ ಕಂಡಕ್ಟರುಗಳು ಟೈಮ್ ಕೀಪರನ ಮುಂದೆ ಗಂಟಲು ಹರಿಯುವಂತೆ ಜಗಳವಾಡುತ್ತಾರೆ. ಒಂದೆರಡು ನಿಮಿಷ ಆಚೀಚೆಯಾದರೆ ಮುಂದಿನ ಸ್ಟಾಪಿನ ಜನವೆಲ್ಲ ಎದುರಾಳಿ ಬಸ್ಸಿನ ಪಾಲು.

ಈ ಗೋಜಲನ್ನು ಬಿಡಿಸಲು ದಕ್ಷಿಣ ಭಾರತದ ಬಹು ಪ್ರಸಿದ್ಧ ಬಸ್ಸು ಮನೆತನವೊಂದರ ಕಥೆ ಒದಗಿಬರುತ್ತದೆ. ಟಿವಿಎಸ್ ಎಂದರೆ ಇಂದು ನಮಗೆ ಹೊಸೂರಿನಲ್ಲೋ ಮೈಸೂರಿನಲ್ಲೋ ತಯಾರಾಗುವ ಮೋಟಾರ್ ಬೈಕು. ಆದರೆ ಆ ಮೂರಕ್ಷರ ಮೊದಲು ಕಾಣಿಸಿಕೊಂಡದ್ದು ಮದುರೈಯ ಬಸ್ಸುಗಳ ಮೇಲೆ. ತಿರುಕ್ಕುರುಂಗುಡಿಯಲ್ಲಿ 1877ರಲ್ಲಿ ಹುಟ್ಟಿದ ಟಿ. ವಿ. ಸುಂದರಂ ಅಯ್ಯಂಗಾರ್ ಕಾನೂನು ಓದಿದರು, ರೈಲ್ವೆಯಲ್ಲಿ ದುಡಿದರು, ಬ್ಯಾಂಕಿನಲ್ಲಿ ಕೆಲಸ ಮಾಡಿದರು. ಮೂರನ್ನೂ ಬಿಟ್ಟು 1911-12ರ ಸುಮಾರಿಗೆ ಮದುರೈಯಲ್ಲಿ ಬಸ್ಸು ಹೂಡಿದರು. ವಕೀಲಿ, ಸರ್ಕಾರಿ ನೌಕರಿ ಎಂದರೆ ಮರ್ಯಾದೆ ಎಂಬಂತಿದ್ದ ಕಾಲದ ಬ್ರಾಹ್ಮಣ ಮನೆಯಲ್ಲಿ ಇದಕ್ಕೆ ಹಾರ ಹಾಕಿ ಸನ್ಮಾನ ಮಾಡಿರಲಾರರು.

ಅವರ ಬಸ್ಸುಗಳಿಗೆ ಹೆಸರು ಬಂದದ್ದು ವೇಗದಿಂದಲ್ಲ, ಹೊತ್ತಿಗೆ ಸರಿಯಾಗಿ ಬರುವುದರಿಂದ. ಟಿವಿಎಸ್ ಬಸ್ಸು ನೋಡಿ ಜನ ಗಡಿಯಾರದ ಮುಳ್ಳು ತಿರುಗಿಸಿಕೊಳ್ಳುತ್ತಿದ್ದರು ಎಂಬ ಮಾತು ತಮಿಳುನಾಡಿನಲ್ಲಿ ಇಂದಿಗೂ ಇದೆ. ಇನ್ನೊಂದು ಕಥೆ ಅದಕ್ಕಿಂತ ಸ್ವಾರಸ್ಯದ್ದು. ಆಗಿನ ಮಣ್ಣು ರಸ್ತೆಗಳಲ್ಲಿ ಎತ್ತಿನ ಲಾಳದಿಂದ ಕಳಚಿಬಿದ್ದ ಮೊಳೆಗಳೇ ಟಯರಿನ ಶತ್ರು. ಅದಕ್ಕಾಗಿ ಕಂಪನಿಯವರು ಅಯಸ್ಕಾಂತ ಕಟ್ಟಿದ ಗಾಡಿಯನ್ನು ಮುಂದೆ ಕಳಿಸಿ ರಸ್ತೆಯ ಮೊಳೆ ಆರಿಸುತ್ತಿದ್ದರಂತೆ. ರಸ್ತೆ ಅವರದಲ್ಲ, ಎತ್ತು ಅವರದಲ್ಲ, ಮೊಳೆಯಂತೂ ಅಲ್ಲವೇ ಅಲ್ಲ. ಆದರೂ ಗುಡಿಸಿದರು. ಎರಡನೇ ಮಹಾಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆದಾಗ ಇದ್ದಿಲಿನ ಅನಿಲದಿಂದ ಎಂಜಿನ್ ಓಡಿಸುವ ಗ್ಯಾಸ್ ಪ್ಲಾಂಟನ್ನು ಕಂಪನಿಯೇ ತಯಾರಿಸಿತು. ಇದ್ದಿಲ ಬಸ್ಸು ಎಂದರೆ ಹಿಂಬದಿಗೆ ಹಂಡೆಯಂಥ ಒಲೆ. ಹೊರಡುವ ಮುಂಚೆ ಕ್ಲೀನರ್ ಬೆಂಕಿ ಹೊತ್ತಿಸಿ, ತಿದಿ ತಿರುಗಿಸಿ, ಅನಿಲ ಹದಕ್ಕೆ ಬರುವವರೆಗೆ ಕಾಯಬೇಕು. ಏರು ಬಂದರೆ ಎಂಜಿನ್ ಏದುಸಿರು ಬಿಡುತ್ತದೆ. ಅಂಥ ಬಸ್ಸಿನಲ್ಲೂ ಟೈಮಿಂಗ್ ಕಾಯುವುದೆಂದರೆ ಅದು ವ್ಯಾಪಾರಿಯ ಜಾಣತನವೂ ಹೌದು, ಹಠವೂ ಹೌದು.

ಅಯ್ಯಂಗಾರರ ಹುಟ್ಟೂರು ತಿರುಕ್ಕುರುಂಗುಡಿ ಶ್ರೀವೈಷ್ಣವರ ನೂರೆಂಟು ದಿವ್ಯದೇಶಗಳಲ್ಲಿ ಒಂದು. ಕೈಶಿಕ ಏಕಾದಶಿಯ ಕಥೆ ಆ ಊರಿನದೇ. ಗುಡಿಯ ಒಳಗೆ ಪ್ರವೇಶವಿಲ್ಲದ ಜಾತಿಯ ನಂಪಾಡುವಾನ್ ಹೊರಗೆ ನಿಂತು ಹಾಡುವ ಭಕ್ತ. ಏಕಾದಶಿಯ ರಾತ್ರಿ ಹಾಡಲು ಹೊರಟವನನ್ನು ಬ್ರಹ್ಮರಾಕ್ಷಸ ಹಿಡಿಯುತ್ತದೆ. ಹಾಡಿ ಮುಗಿಸಿ ಬಂದು ನಿನಗೆ ಆಹಾರವಾಗುತ್ತೇನೆ ಎಂದು ಆಣೆ ಇಟ್ಟು ಹೋದವನು, ಹೇಳಿದಂತೆ ಹಿಂದಿರುಗಿ ಬರುತ್ತಾನೆ. ನಮ್ಮ ಪುಣ್ಯಕೋಟಿಯನ್ನು ಬಲ್ಲ ಕನ್ನಡಿಗರಿಗೆ ಈ ಕಥೆಯ ಜಾಡು ಹೊಸದಲ್ಲ. ಇಂಥ ಊರಿನಲ್ಲಿ ಹುಟ್ಟಿದ್ದಕ್ಕೇ ಅಯ್ಯಂಗಾರರ ಬಸ್ಸು ಸಮಯ ಪಾಲಿಸಿತು ಎಂದರೆ ಅದು ಹರಿಕಥೆಯಾದೀತು, ಇತಿಹಾಸವಾಗದು. ಆದರೆ ಕಥೆಯ ಒಳತರ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೊಟ್ಟ ಮಾತು ಕೊಟ್ಟವನ ಸ್ವತ್ತಲ್ಲ, ಅದರ ಮೇಲೆ ಹಕ್ಕಿರುವುದು ಕಾಯುತ್ತಿರುವವನಿಗೆ. ಬಸ್ಸಿನ ವೇಳಾಪಟ್ಟಿಯೂ ಅಂಥದೇ ಮಾತು. ನಿಲ್ದಾಣದ ಗೋಡೆಯ ಮೇಲೆ ಅದನ್ನು ಬರೆಸಿದ ಗಳಿಗೆಯಿಂದ ಮಾಲೀಕ ಸಾಲಗಾರನಾಗುತ್ತಾನೆ.

ಹೀಗೆ ನೋಡಿದರೆ ಬಸ್ಸು ಕಂಪನಿ ಆಸ್ತಿಗಿಂತ ಹೆಚ್ಚಾಗಿ ಋಣ. ನಮ್ಮ ಧರ್ಮಶಾಸ್ತ್ರದ ಪ್ರಕಾರ ಮಗನಿಗೆ ಅಪ್ಪನ ಆಸ್ತಿಯ ಜೊತೆ ಅಪ್ಪನ ಸಾಲವೂ ಬರುತ್ತದೆ. ಮನೆತನದ ವ್ಯವಹಾರವನ್ನು ಸಮರ್ಥಿಸಲು ಇದಕ್ಕಿಂತ ಗಟ್ಟಿಯಾದ ಮಾತು ಸಿಗದು: ಮುಂದಿನ ತಲೆಮಾರು ಪಡೆಯುವುದು ಕಲೆಕ್ಷನ್ನನ್ನಷ್ಟೇ ಅಲ್ಲ, ಏಳೂವರೆಯ ಬಾಧ್ಯತೆಯನ್ನೂ.

ಗಾಂಧೀಜಿ ಈ ಮಾತಿಗೆ ಅರ್ಧ ಒಪ್ಪುತ್ತಿದ್ದರೇನೋ. ಅಪರಿಗ್ರಹವೆಂದರೇನೆಂದು ಗೀತೆಯಲ್ಲಿ ಹುಡುಕುತ್ತಿದ್ದಾಗ, ಲಂಡನ್ನಿನಲ್ಲಿ ಓದಿದ ಕಾನೂನು, ಅದರಲ್ಲೂ ಸ್ನೆಲ್ ಬರೆದ ಈಕ್ವಿಟಿ ಪುಸ್ತಕ, ತಮ್ಮ ನೆರವಿಗೆ ಬಂತೆಂದು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಟ್ರಸ್ಟಿಯ ಕೈಕೆಳಗೆ ಎಷ್ಟೇ ಸಂಪತ್ತಿರಲಿ, ಒಂದು ಚೂರನ್ನೂ ತನ್ನದೆಂದು ತಿಳಿಯಬಾರದು. ಇದೇ ಅವರ ಧರ್ಮದರ್ಶಿತ್ವದ ಬೇರು. 1937ರ ತಿರುವಾಂಕೂರು ಪ್ರವಾಸದಲ್ಲಿ ಅವರು ಈಶಾವಾಸ್ಯದ ಮೊದಲ ಮಂತ್ರ ಹಿಡಿದು, ಉಳಿದೆಲ್ಲ ಗ್ರಂಥ ಸುಟ್ಟುಹೋದರೂ ಇದೊಂದು ಉಳಿದರೆ ಹಿಂದೂ ಧರ್ಮ ಉಳಿಯುತ್ತದೆ ಎಂಬರ್ಥದಲ್ಲಿ ಮಾತನಾಡಿದರು. ಎಲ್ಲವೂ ಈಶನದು, ತ್ಯಾಗದಿಂದ ಉಣ್ಣು, ಪರರ ಸೊತ್ತಿಗೆ ಆಸೆಪಡಬೇಡ. ರಾಮಾನುಜರ ಸಿದ್ಧಾಂತದಲ್ಲೂ ಜೀವ 'ಶೇಷ', ಎಂದರೆ ಸ್ವತ್ತು; ಭಗವಂತ 'ಶೇಷಿ', ಎಂದರೆ ಒಡೆಯ. ಜೀವನೇ ಅವನ ಸ್ವತ್ತಾದ ಮೇಲೆ ಜೀವನ ಬಸ್ಸು ಯಾವ ಲೆಕ್ಕ!

ಆದರೆ ಟ್ರಸ್ಟಿಯ ವಾರಸುದಾರ ಯಾರು ಎಂಬ ಪ್ರಶ್ನೆ ಬಂದಾಗ ಗಾಂಧೀಜಿ 1942ರಲ್ಲಿ 'ಹರಿಜನ'ದಲ್ಲಿ ಕೊಟ್ಟ ಉತ್ತರ ಯಾವ ಮನೆತನಕ್ಕೂ ರುಚಿಸುವಂಥದಲ್ಲ. ಟ್ರಸ್ಟಿಗೆ ಸಾರ್ವಜನಿಕರಲ್ಲದೆ ಬೇರೆ ವಾರಸುದಾರರಿಲ್ಲ. ಮಗ ಎಂಬ ಕಾರಣಕ್ಕೆ ಮಗನಿಗೆ ಬರುವುದೇನಿಲ್ಲ. ಅಂಬೇಡ್ಕರರಿಗೆ ಇಡೀ ಸಿದ್ಧಾಂತವೇ ನಗೆಪಾಟಲಾಗಿ ಕಂಡಿತ್ತು. ಸಿರಿವಂತರ ಮನಸ್ಸು ತಾನಾಗಿ ಕರಗುತ್ತದೆಂದು ಬಡವರು ಕಾಯುತ್ತ ಕೂರಬೇಕೆ ಎಂಬುದು ಅವರ ಟೀಕೆಯ ತಿರುಳು. ಈ ಟೀಕೆಯನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಹಣೆಯ ಮೇಲೆ ದೇವರ ಹೆಸರು ಬರೆಸಿದ ಬಸ್ಸಿನಲ್ಲೂ ಡ್ರೈವರನ ಬಾಟಾ ಎಷ್ಟೆಂದು ತೀರ್ಮಾನಿಸುವವನು ದೇವರಲ್ಲ.

ಟಿವಿಎಸ್ ಕಂಪನಿಯ ಪೂರ್ತಿ ಹೆಸರಿನಲ್ಲೇ 'ಅಂಡ್ ಸನ್ಸ್' ಎಂದಿದೆ. ಐವರು ಗಂಡುಮಕ್ಕಳು ವ್ಯವಹಾರಕ್ಕೆ ಬಂದರು. ಆ ಹೆಸರಿನಲ್ಲಿ ಜಾಗವಿರದ ಮಗಳು ಸೌಂದರಂ. ಬಾಲ್ಯದಲ್ಲಿ ಮದುವೆಯಾಗಿ, ವೈದ್ಯನಾಗಿದ್ದ ಗಂಡನನ್ನು ಕಳೆದುಕೊಂಡು, ಆಮೇಲೆ ದೆಹಲಿಯಲ್ಲಿ ತಾವೇ ವೈದ್ಯಕೀಯ ಓದಿದರು. ಗಾಂಧಿಯ ಶಿಷ್ಯರಾದ ಕೇರಳದ ಜಿ. ರಾಮಚಂದ್ರನ್ ಅವರನ್ನು ಮದುವೆಯಾಗುವೆನೆಂದಾಗ ಮನೆಯಲ್ಲಿ ವಿರೋಧ ಬಂತು. ಒಂದು ವರ್ಷ ಕಾಯಿರಿ ಎಂದರು ಗಾಂಧಿ. ಕಾದರು, 1940ರಲ್ಲಿ ಅವರ ಆಶೀರ್ವಾದದಿಂದ ಮದುವೆಯಾಯಿತು. 1947ರಲ್ಲಿ ದಂಪತಿ ದಿಂಡಿಗಲ್ ಬಳಿ ಗಾಂಧಿಗ್ರಾಮ ಕಟ್ಟಿದರು. ಈಗ ಅಲ್ಲೊಂದು ಗ್ರಾಮೀಣ ವಿಶ್ವವಿದ್ಯಾಲಯವಿದೆ. ಗಾಂಧಿಯ ಅರ್ಥದಲ್ಲಿ ಸಾರ್ವಜನಿಕರನ್ನು ವಾರಸುದಾರರನ್ನಾಗಿ ಮಾಡಿದ್ದು ಆ ಮನೆಯ ಗಂಡುಮಕ್ಕಳಲ್ಲ, ಮಗಳು.

ಬಸ್ಸುಗಳ ವಿಷಯದಲ್ಲಿ ಸಾರ್ವಜನಿಕರ ಹೆಸರಿನಲ್ಲಿ ವಾರಸುದಾರಿಕೆ ಕೇಳಿಕೊಂಡು ಬಂದದ್ದು ಸರ್ಕಾರ. 1970ರ ದಶಕದ ಆರಂಭದಲ್ಲಿ ತಮಿಳುನಾಡು ದೊಡ್ಡ ಕಂಪನಿಗಳ ಬಸ್ಸುಗಳನ್ನು ವಹಿಸಿಕೊಂಡು ಪಾಂಡ್ಯನ್, ಚೇರನ್, ಚೋಳನ್ ಎಂಬ ನಿಗಮಗಳನ್ನು ಮಾಡಿತು. ಮದುರೈಯ ಟಿವಿಎಸ್ ಬಸ್ಸುಗಳು ಪಾಂಡ್ಯನ್ ಪಾಲಾದವು. ಸುಂದರಂ ಅಯ್ಯಂಗಾರರು 1955ರಲ್ಲೇ ತೀರಿಕೊಂಡಿದ್ದರು. ಮಕ್ಕಳು ಅಷ್ಟರಲ್ಲಿ ಹಣಕಾಸು, ಬ್ರೇಕು, ಚಕ್ರ, ಬೋಲ್ಟು-ನಟ್ಟಿನ ಕಾರ್ಖಾನೆಗಳತ್ತ ತಿರುಗಿದ್ದರಿಂದ ಮನೆತನಕ್ಕೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ. ಸ್ವಲ್ಪ ಕುಹಕದಿಂದ ಹೇಳುವುದಾದರೆ, ಋಣ ಸರ್ಕಾರಕ್ಕೆ ಹೋಯಿತು, ಆಸ್ತಿ ಮನೆಯಲ್ಲೇ ಉಳಿಯಿತು.

ಕರ್ನಾಟಕದಲ್ಲಿ ಈ ವಾರಸುದಾರಿಕೆ ಕೋರ್ಟು ಮೆಟ್ಟಿಲೇರಿತು. 1976ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ಮಾಡಿ ಖಾಸಗಿಯವರ ಕಾಂಟ್ರ್ಯಾಕ್ಟ್ ಕ್ಯಾರೇಜ್, ಅಂದರೆ ಒಪ್ಪಂದದ ಮೇಲೆ ಬಾಡಿಗೆಗೆ ಓಡುವ, ಬಸ್ಸುಗಳನ್ನು ವಶಪಡಿಸಿಕೊಂಡು ಕೆಎಸ್‌ಆರ್‌ಟಿಸಿಗೆ ಒಪ್ಪಿಸಿತು. ಹೈಕೋರ್ಟಿನಲ್ಲಿ ಸೋತ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ರಂಗನಾಥ ರೆಡ್ಡಿ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ 1977ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಸಂವಿಧಾನದ 39(ಬಿ) ವಿಧಿಯಲ್ಲಿ ಬರುವ ಸಮುದಾಯದ ಭೌತಿಕ ಸಂಪನ್ಮೂಲ ಎಂಬ ಮಾತಿನೊಳಗೆ ಖಾಸಗಿ ಸ್ವತ್ತೂ ಸೇರುತ್ತದೆ ಎಂದು ಪೀಠದಲ್ಲಿದ್ದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಇಬ್ಬರು ದನಿಗೂಡಿಸಿದರು, ಉಳಿದ ನಾಲ್ವರು ಆ ಮಾತಿಗೆ ಕಟ್ಟುಬೀಳಲಿಲ್ಲ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಈ ವಾದ ಕೋರ್ಟುಗಳಲ್ಲಿ ಸುತ್ತಾಡಿತು. ಕೊನೆಗೆ 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿಯವರ ಕೈಯಲ್ಲಿರುವುದೆಲ್ಲವೂ ಸಮುದಾಯದ ಸಂಪನ್ಮೂಲ ಆಗದು ಎಂದು ಬಹುಮತದಿಂದ ಹೇಳಿತು. ಸ್ವತ್ತಿನ ಸ್ವರೂಪ, ವಿರಳತೆ, ಸಮುದಾಯದ ಮೇಲೆ ಅದರ ಪರಿಣಾಮ ಇವನ್ನೆಲ್ಲ ನೋಡಿ ತೀರ್ಮಾನಿಸಬೇಕು. ಎಲ್ಲ ಸ್ವತ್ತಿಗೂ ಒಂದೇ ಮಾನದಂಡ ಬೇಡವೆಂಬುದು ವಿವೇಕದ ಮಾತು. ಮನೆಯ ಹಿತ್ತಿಲೂ ಏಳೂವರೆ ಬಸ್ಸೂ ಒಂದೇ ಬಗೆಯ ಸ್ವತ್ತಲ್ಲ ಎಂಬುದು ಬಸ್ಸು ಹತ್ತುವವರಿಗೆ ಮೊದಲೇ ಗೊತ್ತಿತ್ತು.

ಮನೆತನವೂ ಅಲ್ಲ, ಸರ್ಕಾರವೂ ಅಲ್ಲ, ಮೂರನೇ ವಾರಸುದಾರರು ಮಲೆನಾಡಿನ ಕೊಪ್ಪದಲ್ಲಿ ಕಾಣಿಸಿಕೊಂಡರು. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಬಾಗಿಲು ಹಾಕಿದಾಗ ಅದರ ಕಾರ್ಮಿಕರು ಕೆಲವೇ ಬಸ್ಸುಗಳನ್ನಿಟ್ಟುಕೊಂಡು 1991ರಲ್ಲಿ ಸಹಕಾರ ಸಂಘ ಕಟ್ಟಿದರು. ಅದೇ 'ಸಹಕಾರ ಸಾರಿಗೆ'. ಡ್ರೈವರೂ ಮಾಲೀಕ, ಕಂಡಕ್ಟರೂ ಮಾಲೀಕ, ಗ್ಯಾರೇಜಿನ ಮೆಕ್ಯಾನಿಕ್ಕೂ ಮಾಲೀಕ. ಶೃಂಗೇರಿ, ಬಾಳೆಹೊನ್ನೂರು, ತೀರ್ಥಹಳ್ಳಿ ಕಡೆಯ ತಿರುವುಗಳಲ್ಲಿ, ಮಲೆನಾಡಿನ ಮಳೆಯಲ್ಲಿ, ಲಾಭ ಹುಡುಕುವವರು ಕಾಲಿಡದ ಹಳ್ಳಿಗಳಿಗೂ ಅವರ ಬಸ್ಸು ಹೋಯಿತು, ಶಾಲಾ ಮಕ್ಕಳಿಗೆ ರಿಯಾಯಿತಿ ಪಾಸೂ ಸಿಕ್ಕಿತು. ಬಸ್ಸುಗಳ ಸಂಖ್ಯೆ 70 ದಾಟಿತು, ದೂರದ ಊರುಗಳಿಂದ ಅಧ್ಯಯನ ಮಾಡುವವರು ಬಂದರು. ಋಣದ ತರ್ಕ ಎಲ್ಲಾದರೂ ಪೂರ್ತಿ ಹೊಂದುವುದಾದರೆ ಅದು ಇಲ್ಲಿ: ಸಾಲ ತೀರಿಸುವವರು ಆ ಊರಿನವರೇ, ಸಾಲ ಕೊಟ್ಟವರೂ ಆ ಊರಿನವರೇ.

ಆದರೆ ಸಹಕಾರ ತತ್ವಕ್ಕೆ ಡೀಸೆಲ್ ಬಂಕಿನಲ್ಲಿ ರಿಯಾಯಿತಿ ಇರಲಿಲ್ಲ. ಟಿಕೆಟ್ ದರ ಏರಿಸುವುದು ಸಂಘದ ಕೈಯಲ್ಲಿರಲಿಲ್ಲ, ವಿಮೆ ಮತ್ತು ಬಿಡಿಭಾಗಗಳ ಬೆಲೆ ಏರಿದ್ದು ಯಾರನ್ನೂ ಕೇಳಿ ಅಲ್ಲ. ಸಂಬಳ ಬಾಕಿ ಬೀಳತೊಡಗಿತು. 2020ರ ಫೆಬ್ರವರಿಯಲ್ಲಿ, ಕೊರೊನಾ ಲಾಕ್‌ಡೌನ್‌ಗೆ ಇನ್ನೂ ಒಂದು ತಿಂಗಳಿರುವಾಗಲೇ, ಸಹಕಾರ ಸಾರಿಗೆ ನಿಂತಿತು. ಕೆಲಸ ಕಳೆದುಕೊಂಡವರೂ ಕಂಪನಿಯ ಮಾಲೀಕರೂ ಒಬ್ಬರೇ ಆಗಿದ್ದರಿಂದ, ಬಾಕಿ ಸಂಬಳಕ್ಕೆ ಯಾರ ಮನೆಯ ಮುಂದೆ ಧರಣಿ ಕೂರುವುದೆಂಬುದೇ ಅವರಿಗೆ ಸಮಸ್ಯೆಯಾಗಿರಬೇಕು.