ಕಂಡದ್ದು ಯಾರು, ನೆನೆದದ್ದು ಯಾರು?

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಸೆರಾ ಮಠದಲ್ಲಿ ವಾದಕ್ಕಿಳಿದ ಭಿಕ್ಷು ಪ್ರಶ್ನೆ ಹಾಕುವಾಗ ಜೋರಾಗಿ ಕೈತಟ್ಟಿ, ನೆಲಕ್ಕೆ ಕಾಲು ಅಪ್ಪಳಿಸುತ್ತಾನೆ. ಉತ್ತರಿಸುವವನು ಕುಳಿತೇ ಎದುರಿಸಬೇಕು. ದಲೈ ಲಾಮಾ ಅವರ ಒತ್ತಾಸೆಯಿಂದ ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ರೂಪಿಸಿದ ವಿಜ್ಞಾನ ಪಠ್ಯವೂ 2014ರಿಂದ ಇಂಥ ಮಠಗಳ ಓದಿಗೆ ಸೇರಿದೆ. ಜೀವಶಾಸ್ತ್ರದ ಪಾಠದಲ್ಲಿ ಭಿಕ್ಷುಗಳು ಬಿಡದೆ ಜಗ್ಗಿದ ಪ್ರಶ್ನೆಗಳಲ್ಲೊಂದು, ಬ್ಯಾಕ್ಟೀರಿಯಾಕ್ಕೆ ಚೇತನವಿದೆಯೇ ಎಂಬುದು. ಅಷ್ಟೇ ಗಟ್ಟಿಯಾದ ಇನ್ನೊಂದು ಪ್ರಶ್ನೆ ಹಂದಿಯ ಶ್ವಾಸಕೋಶದೊಳಗೆ ಕುಳಿತಿದೆ.

ಈ ಸೀಮೆಯಲ್ಲಿ ಹಂದಿಗೆ ಹಲವು ಮುಖ. ಎಚ್.ಡಿ. ಕೋಟೆಯ ಕಾಡಂಚಿನ ರೈತನಿಗೆ ಅದು ರಾತ್ರೋರಾತ್ರಿ ಹೊಲ ಹಾಳುಮಾಡುವ ಪ್ರಾಣಿ. ಮೈಸೂರು ಅರಮನೆಯ ಕೋಟೆಯೊಳಗೆ ಅದೇ ಶ್ವೇತವರಾಹಸ್ವಾಮಿ. ಟಿಬೆಟನ್ ಮಠಗಳ ಭವಚಕ್ರದ ನಟ್ಟನಡುವೆ, ಹುಂಜ ಮತ್ತು ಹಾವಿನ ಜೊತೆ, ಅವಿದ್ಯೆಯ ರೂಪವಾಗಿ ನಿಂತಿರುವುದೂ ಹಂದಿಯೇ.

ವೈದ್ಯವಿಜ್ಞಾನಕ್ಕೆ ಮಾತ್ರ ಅದು ಮನುಷ್ಯನ ಹತ್ತಿರದ ನೆಂಟ. ವಿಜ್ಞಾನಿ ರಿಚರ್ಡ್ ಶೋಪ್ ಹಂದಿಯ ಫ್ಲೂ ವೈರಸ್ ಅನ್ನು 1931ರಲ್ಲೇ ಗುರುತಿಸಿದ್ದರು. ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ. 2009ರ ಎಚ್1ಎನ್1 ಹಂದಿಗಳ ವೈರಸ್‌ಗಳಿಂದ ಹುಟ್ಟಿ ಮನುಷ್ಯರಿಗೆ ಬಂತು. ಆಮೇಲೆ ಮನುಷ್ಯರೇ ಅದನ್ನು ಮತ್ತೆ ಮತ್ತೆ ಹಂದಿಗಳಿಗೆ ಅಂಟಿಸಿದರು. ಆ ಎರಡನೆಯ ಪಯಣದ ಮಾತು ಅಷ್ಟಾಗಿ ಕೇಳಿಬರುವುದಿಲ್ಲ.

ಸೋಂಕು ತಗುಲಿದ ಹಂದಿಯ ಎದೆಯಲ್ಲಿ ನಡೆಯುವುದೇನು? ಗಾಳಿಗೂಡುಗಳಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಕೋಶಗಳು ವೈರಸ್ಸನ್ನು ನುಂಗಿ, ಅಪಾಯದ ರಾಸಾಯನಿಕ ಸುದ್ದಿ ಹೊರಡಿಸುತ್ತವೆ. ಆ ವೈರಸ್ಸಿನ ತುಣುಕಿಗೆ ಹೊಂದುವ ಗ್ರಾಹಕವಿರುವ ಟಿ ಕೋಶಗಳು ಮಾತ್ರ ದುಗ್ಧರಸ ಗ್ರಂಥಿಗಳಲ್ಲಿ ಪೀಳಿಗೆ ಪೀಳಿಗೆಯಾಗಿ ಹೆಚ್ಚಿ, ಸೋಂಕಿತ ಕೋಶಗಳನ್ನು ಕೊಲ್ಲುತ್ತವೆ. ಕಾಯಿಲೆ ಇಳಿದ ಮೇಲೆ ಹೆಚ್ಚಿನವು ಸಾಯುತ್ತವೆ. ಉಳಿದವುಗಳಲ್ಲಿ ಕೆಲವು ರಕ್ತಕ್ಕೆ ಮರಳದೆ ಶ್ವಾಸಕೋಶದಲ್ಲೇ ಬೀಡುಬಿಟ್ಟು, ಅದೇ ವೈರಸ್ ಮತ್ತೆ ಬಂದರೆ ತಡವಿಲ್ಲದೆ ಎರಗುತ್ತವೆ. ವಿಜ್ಞಾನಿಗಳು ಅವನ್ನು ಕರೆಯುವುದೇ ನೆನಪಿನ ಕೋಶಗಳೆಂದು.

ಭಾರತೀಯ ದರ್ಶನಗಳ ಹಳೆಯ ಜಗಳವೊಂದು ಇಲ್ಲಿ ಜೀವ ತಳೆಯುತ್ತದೆ. ಕಂಡವನೇ ನೆನೆಯಬೇಕು, ಆದ್ದರಿಂದ ಎರಡಕ್ಕೂ ಆಸರೆಯಾದ ಆತ್ಮ ಇರಲೇಬೇಕು ಎನ್ನುವುದು ನೈಯಾಯಿಕರ ವಾದ. ಸೆರಾದಲ್ಲಿ ಇಂದಿಗೂ ಅಧ್ಯಯನವಾಗುವ 'ಅಭಿಧರ್ಮಕೋಶ'ದ ಕೊನೆಯಲ್ಲಿ ಬೌದ್ಧ ದಾರ್ಶನಿಕ ವಸುಬಂಧು ಇದನ್ನು ಒಪ್ಪುವುದಿಲ್ಲ. ಒಂದು ಚಿತ್ತಕ್ಷಣ ಮುಂದಿನದಕ್ಕೆ ಸಂಸ್ಕಾರ ಬಿಟ್ಟು ಅಳಿಯುತ್ತದೆ. ಆ ಸಂತತಿಯೇ ಸಾಕು, ಒಡೆಯ ಬೇಕಿಲ್ಲ. ಹಾಗಾದರೆ ದೇವದತ್ತ ಕಂಡದ್ದನ್ನು ಯಜ್ಞದತ್ತ ಏಕೆ ನೆನೆಯುವುದಿಲ್ಲ ಎಂದರೆ, ಅವರದು ಬೇರೆ ಬೇರೆ ಸಂತತಿ ಎಂಬುದು ಅವನ ಉತ್ತರ.

ಕೋಶಗಳ ಮಟ್ಟಿಗೆ ವಸುಬಂಧುವೇ ಗೆದ್ದಂತಿದೆ. ವೈರಸ್ಸನ್ನು ಮೊದಲು ಎದುರಿಸಿದ ಟಿ ಕೋಶ ಈಗ ಇಲ್ಲ. ಸಿದ್ಧವಾಗಿ ಕಾದಿರುವುದು ಅದರ ಸಂತತಿ. ತಾಯಿ ಹಂದಿಯ ಪ್ರತಿಕಾಯಗಳೂ ವಿಚಾರಕ್ಕೆ ಹಚ್ಚುತ್ತವೆ. ಅವು ಗರ್ಭದಲ್ಲಿ ಮಾಸು ದಾಟುವುದಿಲ್ಲವಾದ್ದರಿಂದ ಮರಿ ಬರಿಗೈಯಲ್ಲೇ ಹುಟ್ಟುತ್ತದೆ. ಮೊದಲ ದಿನ ಕುಡಿದ ಗಿಣ್ಣುಹಾಲೇ ಅದಕ್ಕೆ ರಕ್ಷೆ. ಪ್ರತಿಕಾಯ ನೆನಪಲ್ಲ, ನೆನಪಿನ ಫಲ, ನಿಜ. ಆದರೂ ವೈರಸ್ ಕಂಡದ್ದು ತಾಯಿ, ಉಳಿದದ್ದು ಮರಿ.

ಈ ನೆನಪು ತಪ್ಪುವುದೂ ಉಂಟು. ನಿಷ್ಕ್ರಿಯ ವೈರಸ್ಸಿನ ಲಸಿಕೆ ಪಡೆದ ಹಂದಿಗೆ ಅದೇ ಉಪಜಾತಿಯ, ಆದರೆ ಸಾಕಷ್ಟು ಬದಲಾದ ಫ್ಲೂ ತಗುಲಿದಾಗ, ಲಸಿಕೆಯೇ ಇಲ್ಲದ ಹಂದಿಗಿಂತ ಅದರ ಶ್ವಾಸಕೋಶ ಹೆಚ್ಚು ಹಾನಿಗೊಂಡದ್ದನ್ನು ಪ್ರಯೋಗಗಳು ತೋರಿಸಿವೆ. ಹಳೆಯ ಪ್ರತಿಕಾಯ ಹೊಸ ವೈರಸ್ಸಿಗೆ ಅಂಟಿಕೊಳ್ಳುತ್ತದೆ, ಆದರೆ ಅದನ್ನು ತಡೆಯಲಾರದು. ಹಗ್ಗವನ್ನು ಹಾವೆಂದು ಕಂಡ ಭ್ರಮೆಗೆ ಇದನ್ನು ಹೋಲಿಸಲು ಮನಸ್ಸಾಗುತ್ತದೆ. ಅದು ಸಲ್ಲದು. ಹಾವೆಂದು ಕಂಡವನ ಎದೆ ನಡುಗುತ್ತದೆ, ಪ್ರತಿಕಾಯಕ್ಕೆ ನಡುಕವಿಲ್ಲ. ಏದುಸಿರು ಬಿಡುವುದು ಹಂದಿ.

ಅರಿಯುವವನನ್ನು ಕೋಶದೊಳಗೆ ಹುಡುಕುವವರು ನೋಯುವ ಪ್ರಾಣಿಯನ್ನು ಮರೆಯಬಾರದು. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿಯನ್ನು ಪೂಜಿಸುವ ಜೈನ ಪರಂಪರೆ ಜೀವಿಗಳ ನಡುವಿನ ಈ ಅಂತರವನ್ನು ನೇರವಾಗಿ ಹೇಳಿದೆ. ಕಣ್ಣಿಗೆ ಕಾಣದ, ನಿಗೋದವೆಂಬ ಸೂಕ್ಷ್ಮಜೀವಿಗೂ ಅದು ಜೀವ ಒಪ್ಪುತ್ತದೆ, ಆದರೆ ನಿಗೋದಕ್ಕೆ ಸ್ಪರ್ಶ ಒಂದೇ ಇಂದ್ರಿಯ. ಹಂದಿಯಾದರೋ ಮನುಷ್ಯನ ಸಾಲಿನಲ್ಲೇ ನಿಲ್ಲುವ ಪಂಚೇಂದ್ರಿಯ ಜೀವಿ, ಮನಸ್ಸೂ ಉಳ್ಳದ್ದು.

ಶ್ವಾಸಕೋಶದಲ್ಲಿ ನೆಲೆಸಿದ ಟಿ ಕೋಶಗಳನ್ನು ಎಣಿಸಲು ಸಾಮಾನ್ಯವಾಗಿ ಹಂದಿಯನ್ನು ಕೊಲ್ಲಲೇಬೇಕಾಗುತ್ತದೆ. ಆ ಅರಿವಿನಿಂದ ಬರುವ ಲಸಿಕೆ ಮಕ್ಕಳನ್ನೂ ಉಳಿಸಬಹುದು, ಹಂದಿಗಳನ್ನೂ ಉಳಿಸಬಹುದು. ಸತ್ತ ಹಂದಿಗೆ ಆ ಅರಿವೂ ಲಸಿಕೆಯೂ ತಲುಪುವುದಿಲ್ಲ. ಪ್ರಾಣಿಪ್ರಯೋಗದ ನೈತಿಕತೆಯ ಬಗ್ಗೆ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ 1959ರಲ್ಲೇ ಮೂರು ದಾರಿ ತೋರಿಸಿದ್ದರು: ಪ್ರಾಣಿಗೆ ಬದಲಿ ಹುಡುಕಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ. ಭಾರತದಲ್ಲೂ ಪ್ರಯೋಗಕ್ಕೆ ಮುನ್ನ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಈ ಪ್ರಾಣಿಯೇ ಏಕೆ, ಇಷ್ಟೇ ಏಕೆ ಎಂದು ಅರ್ಜಿ ಕೇಳುತ್ತದೆ. ಅದಕ್ಕೆ ಉತ್ತರ ಬರೆಯುವವರು ಸೆರಾದ ಅಂಗಳದಲ್ಲಿ ಕುಳಿತವನಷ್ಟೇ ಎಚ್ಚರದಿಂದ ಬರೆಯಬೇಕು, ಏಕೆಂದರೆ ಹಂದಿ ಎದ್ದುನಿಂತು ಕೈತಟ್ಟಿ ಮರುಪ್ರಶ್ನೆ ಹಾಕಲಾರದು.