ಗಾಯ ನೋಡಬೇಕೆಂದವನು ದೇವರನ್ನು ಕಂಡನು



ಬೆಟ್ಟ ಹತ್ತಿ ಬರುವವರೆಲ್ಲರ ಮನಸ್ಸು ಒಂದೇ ಥರ ಇರುವುದಿಲ್ಲ. ಒಬ್ಬರು ಹರಕೆ ತೀರಿಸಲು ಬರುತ್ತಾರೆ, ಇನ್ನೊಬ್ಬರು ಕಣ್ಣೀರು ಹೊತ್ತು ಬರುತ್ತಾರೆ. ಮತ್ತೆ ಕೆಲವರ ಕೈಯಲ್ಲಿ ಜಪಮಾಲೆ ಇರುತ್ತದೆ, ಎದೆಯೊಳಗೆ ಮಾತ್ರ ‘ಯೇಸು ನಿಜವಾಗಿಯೂ ದೇವರೇನಾ?’ ಎಂಬ ಪ್ರಶ್ನೆ ಕೊರೆಯುತ್ತಿರುತ್ತದೆ. ಅಂಥವರು ನಾಚಿಕೆಪಡಬೇಕಾಗಿಲ್ಲ. ಯೇಸುಸ್ವಾಮಿ ದೇವರೆಂಬ ಅತಿ ನೇರವಾದ ಸಾಕ್ಷ್ಯ ಶುಭಸಂದೇಶದಲ್ಲಿ ಹೊರಟಿದ್ದು ಅನುಮಾನಪಟ್ಟವನ ಬಾಯಿಂದಲೇ! ಆತನೇ ಪ್ರೇಷಿತ ತೋಮ.

‘ನಾನು ದೇವರು ಅಂತ ಯೇಸು ಎಲ್ಲಿ ಹೇಳಿದ್ದಾರೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ತಪ್ಪಲ್ಲ. ಆದರೆ ಅವರು ಏನು ಮಾಡಿದರು ಎಂಬುದನ್ನೂ ನೋಡಬೇಕಲ್ಲವೇ? ಕಪೆರ್ನೌಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮನೆಯ ಮಾಳಿಗೆ ಬಿಚ್ಚಿ ಕೆಳಗಿಳಿಸಿದರು. ಯೇಸು ಮೊದಲು ಅವನ ಪಾಪಗಳನ್ನು ಕ್ಷಮಿಸಿದರು. ಅಲ್ಲಿದ್ದ ಧರ್ಮಶಾಸ್ತ್ರಿಗಳಿಗೆ ಸಿಟ್ಟು ಬಂತು. ಪಾಪ ಕ್ಷಮಿಸುವ ಅಧಿಕಾರ ದೇವರೊಬ್ಬರಿಗೇ ಸೇರಿದ್ದೆಂದು ಅವರ ವಾದ. ವಾದ ಸರಿಯಾಗಿಯೇ ಇತ್ತು! ಯೇಸು ಅದನ್ನು ಅಲ್ಲಗಳೆಯಲಿಲ್ಲ. ರೋಗಿಯನ್ನು ಎಬ್ಬಿಸಿ ನಡೆಸಿ, ಆ ಅಧಿಕಾರ ತಮಗಿದೆ ಎಂದು ತೋರಿಸಿಕೊಟ್ಟರು.

ಇನ್ನೊಮ್ಮೆ ಜೆರುಸಲೇಮಿನ ದೇವಾಲಯದಲ್ಲಿ, ಅಬ್ರಹಾಮನು ಹುಟ್ಟುವುದಕ್ಕೂ ಮುಂಚೆ ತಾವು ಇರುವುದಾಗಿ ಹೇಳಿದರು. ‘ಇದ್ದೆ’ ಎನ್ನಲಿಲ್ಲ, ‘ಇದ್ದೇನೆ’ ಎಂದರು. ಉರಿಯುವ ಪೊದೆಯೊಳಗಿಂದ ದೇವರು ಮೋಶೆಗೆ ತಿಳಿಸಿದ ನಾಮವೂ ಇದೇ ಇರವನ್ನು ಸಾರುತ್ತದೆ. ಕೇಳಿದವರಿಗೆ ಅರ್ಥವಾಗದೆ ಹೋಗಲಿಲ್ಲ. ಅರ್ಥವಾದ್ದರಿಂದಲೇ ಹೊಡೆಯಲು ಕಲ್ಲು ಎತ್ತಿಕೊಂಡರು.

ಈಗ ತೋಮನ ಬಳಿಗೆ ಬರೋಣ. ತೋಮ ಹೇಡಿಯಲ್ಲ. ಲಾಜರನು ಸತ್ತಿದ್ದಾನೆಂದು ತಿಳಿಸಿ, ಯೇಸು ಅಪಾಯವಿದ್ದ ಯೂದಾಯಕ್ಕೆ ಹೊರಟಾಗ, ಅವರ ಜೊತೆ ಸಾಯೋಣ ಬನ್ನಿ ಎಂದು ಉಳಿದವರನ್ನು ಹುರಿದುಂಬಿಸಿದ್ದು ಇವನೇ. ಅಷ್ಟು ಪ್ರೀತಿ ಇಟ್ಟವನಿಗೆ ಶಿಲುಬೆಯ ಸಾವು ಎಂಥ ಪೆಟ್ಟಾಗಿರಬೇಕು! ಯೇಸು ಪುನರುತ್ಥಾನರಾಗಿ ಬಂದ ಸಂಜೆ ಅವನು ಅಲ್ಲಿರಲಿಲ್ಲ. ಕಂಡವರು ಹೇಳಿದರೂ ನಂಬಲಿಲ್ಲ. ಮೊಳೆಯ ಗಾಯಕ್ಕೆ ಬೆರಳಿಟ್ಟು, ಈಟಿ ತಿವಿದ ಪಕ್ಕೆಗೆ ಕೈ ಹಾಕಿ ನೋಡಿದ ಹೊರತು ಆಗೋದಿಲ್ಲ ಅಂದುಬಿಟ್ಟ.

ಎಂಟು ದಿನ ಕಳೆಯಿತು. ಬಾಗಿಲು ಮುಚ್ಚಿದ್ದರೂ ಯೇಸು ಬಂದು ನಡುವೆ ನಿಂತರು. ತೋಮನನ್ನು ಗದರಿಸಿ ಹೊರಗೆ ಕಳಿಸಲಿಲ್ಲ, ಗಾಯಗಳನ್ನೇ ಅವನ ಮುಂದೆ ಚಾಚಿದರು. ಆಗ ತೋಮ ಅವರನ್ನು ತನ್ನ ಪ್ರಭುವೆಂದೂ ತನ್ನ ದೇವರೆಂದೂ ಕರೆದನು. ಅದು ಆಶ್ಚರ್ಯದಲ್ಲಿ ಬಾಯಿಗೆ ಬಂದ ಉದ್ಗಾರವಲ್ಲ. ಯೇಸುವಿಗೇ ಹೇಳಿದ ಮಾತೆಂದು ಸಂತ ಯೊವಾನ್ನನು ಸ್ಪಷ್ಟವಾಗಿ ಬರೆದಿದ್ದಾನೆ. ಹೇಳಿದವನು ಯೆಹೂದ್ಯ. ದೇವರು ಒಬ್ಬರೇ ಎಂಬುದನ್ನು ಬಾಲ್ಯದಿಂದ ಕಲಿತವನು. ಅವನ ಬಾಯಲ್ಲಿ ಅಂಥ ಮಾತು ಹಗುರವಾಗಿ ಬರುವುದಿಲ್ಲ.

ಇನ್ನೂ ಒಂದು ಸಂಗತಿ ಗಮನಿಸಿ. ಕೊರ್ನೇಲಿಯನು ಕಾಲಿಗೆ ಬಿದ್ದಾಗ ಪೇತ್ರ ತಾನೂ ಬರೀ ಮನುಷ್ಯನೆಂದು ಹೇಳಿ ಅವನನ್ನು ಎಬ್ಬಿಸಿದ. ಲುಸ್ತ್ರದ ಜನ ಪೌಲ ಬಾರ್ನಬರನ್ನು ದೇವರುಗಳೆಂದು ತಿಳಿದು ಬಲಿ ಕೊಡಲು ಹೊರಟಾಗ, ಅವರಿಬ್ಬರೂ ಬಟ್ಟೆ ಹರಿದುಕೊಂಡು ತಡೆದರು. ಪ್ರಕಟನಾ ಗ್ರಂಥದಲ್ಲಿ ದೇವದೂತನು ಕೂಡ ಆರಾಧನೆ ಬೇಡವೆಂದ. ಆದರೆ ಯೇಸು ತೋಮನನ್ನು ತಡೆಯಲಿಲ್ಲ. ಆ ಮಾತನ್ನು ಸ್ವೀಕರಿಸಿ, ಕಾಣದೆ ನಂಬುವವರನ್ನೂ ಧನ್ಯರೆಂದು ಹರಸಿದರು. ಸುಳ್ಳು ಗೌರವವಾಗಿದ್ದರೆ ಸತ್ಯವಂತರಾದ ಅವರು ಸುಮ್ಮನಿರುತ್ತಿದ್ದರೇ?

ಮುಂದೆ ಆರಿಯಸ್ ಎಂಬ ಅಲೆಕ್ಸಾಂಡ್ರಿಯದ ಗುರು, ಪುತ್ರನೂ ಒಂದು ಸೃಷ್ಟಿಯೇ ಎಂದು ಬೋಧಿಸಿದ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಧರ್ಮಾಧ್ಯಕ್ಷರು ಅದನ್ನು ತಳ್ಳಿಹಾಕಿ, ಪುತ್ರನೂ ಪಿತನೂ ಒಂದೇ ದೈವಸ್ವರೂಪದವರೆಂದು ಸಾರಿದರು. ಆ ಸಭೆಗೆ 2025ರಲ್ಲಿ 1700 ವರ್ಷ ತುಂಬಿತು. ಹೊಸ ದೇವರನ್ನು ಅವರೇನೂ ಮಾಡಲಿಲ್ಲ. ಮುಚ್ಚಿದ ಬಾಗಿಲೊಳಗೆ ತೋಮ ಹೇಳಿದ್ದನ್ನೇ ಕಾಪಾಡಿದರು.

ಅದೇ ತೋಮ ಕ್ರಿ.ಶ. 52ರಲ್ಲಿ ಕೇರಳದ ತೀರಕ್ಕೆ ಬಂದನೆಂದೂ, 72ರಲ್ಲಿ ಇಂದಿನ ಚೆನ್ನೈನ ಸಂತ ತೋಮರ ಬೆಟ್ಟದಲ್ಲಿ ಈಟಿಯ ತಿವಿತಕ್ಕೆ ಪ್ರಾಣ ಕೊಟ್ಟನೆಂದೂ ಪರಂಪರೆ ಹೇಳುತ್ತದೆ. ಈಟಿಯ ಗಾಯ ನೋಡಬೇಕೆಂದವನು ಕೊನೆಗೆ ತಾನೇ ಈಟಿಯ ಗಾಯ ಹೊತ್ತ.

ಪ್ರಿಯ ಭಕ್ತರೇ, ಯೇಸು ಬರೀ ಒಳ್ಳೆಯ ಗುರುವಾಗಿದ್ದರೆ ಅವರ ಗಾಯ ಒಬ್ಬ ಸಜ್ಜನನ ಸಂಕಟ, ಅಷ್ಟೇ. ಅವರು ದೇವರಾಗಿದ್ದರೆ, ಮಗುವನ್ನು ಕಳೆದುಕೊಂಡ ತಾಯಿಯ ನೋವು, ಹಾಸಿಗೆ ಹಿಡಿದ ರೋಗಿಯ ನರಳಾಟ ದೇವರಿಗೆ ಹೊರಗಿನದ್ದಲ್ಲ. ಮಹಿಮೆ ಹೊಂದಿದ ಮೇಲೂ ಅವರು ಗಾಯದ ಗುರುತು ಅಳಿಸಿಕೊಳ್ಳಲಿಲ್ಲ. ಬೇಡಿದ್ದು ಸಿಗದೆ ಬೆಟ್ಟ ಇಳಿಯುವವರೂ ಇದನ್ನು ನೆನಪಿಡಲಿ. ಅನುಮಾನವಿದ್ದರೆ ಮುಚ್ಚಿಡದೆ, ತೋಮನ ಹಾಗೆ ಅವರ ಮುಂದೆಯೇ ಇಡಿ. ತೋಮನಿಗೆ ಚಾಚಿದ ಕೈ ನಿಮಗೂ ಚಾಚಿದೆ.

ಆಮೆನ್.