ಅಪ್ಪನ ಕೇಸು, ಮಗುವಿನ ಬಾಳು

ಅಪ್ಪ ಜೈಲಿಗೆ ಹೋದ ಮನೆಯ ಮಗುವಿಗೆ ಯಾವ ನ್ಯಾಯಾಲಯವೂ ಶಿಕ್ಷೆ ವಿಧಿಸಿಲ್ಲ. ವಿಧಿಸುವವರು ನಾವು, ನೆರೆಹೊರೆಯವರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಬಡ ಮನೆಗಳು ಹೆಂಗಸರು ಕಟ್ಟುವ ಬೀಡಿಯ ಮೇಲೆ ನಡೆಯುತ್ತವೆ. ಮಂಗಳೂರಿನ ಕೊಡಿಯಾಲ್‌ಬೈಲಿನ ಜೈಲಿಗೆ ಗಂಡನನ್ನು ನೋಡಲು ಹೋದ ದಿನ ಬೀಡಿಯ ಮೊರ ಮೂಲೆಯಲ್ಲೇ ಉಳಿಯುತ್ತದೆ. ಬಸ್ಸಿನ ಖರ್ಚೂ ತಲೆಮೇಲೆ, ಆ ದಿನದ ಮಜೂರಿಯೂ ಖೋತಾ. ಸಂಜೆ ಮರಳಿದರೆ ಪಕ್ಕದ ಮನೆಯ ಉಪದೇಶ: "ನಾಗದೋಷ ಇರಬೇಕು ಅಕ್ಕ, ಒಮ್ಮೆ ಪ್ರಶ್ನೆ ಇಡಿಸಿ ನೋಡಿ." ಮಗು ಅಲ್ಲೇ ಕೂತು ಕೇಳುತ್ತಿರುತ್ತದೆ.

ಕಾನೂನು ಇಂಥ ಮಕ್ಕಳನ್ನು ಪೂರ್ತಿ ಮರೆತಿಲ್ಲ. ತಾಯಿಯೇ ಬಂಧನದಲ್ಲಿದ್ದರೆ ಆರು ವರ್ಷದವರೆಗೆ ಮಗು ಅವಳ ಜೊತೆ ಇರಬಹುದೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಪಾಲನೆ, ರಕ್ಷಣೆ ಬೇಕಾದ ಮಗುವೆಂದು ಮಕ್ಕಳ ಕಲ್ಯಾಣ ಸಮಿತಿ ಗುರುತಿಸಿದರೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವಿಗೆ ಅವಕಾಶವಿದೆ. ಆದರೆ ಲೆಕ್ಕ ಹೇಳಿಕೊಡಲು, ಪೇರೆಂಟ್ಸ್ ಮೀಟಿಂಗಿಗೆ ಬರಲು, ಶಾಲೆಯಲ್ಲಿ ಯಾರಾದರೂ ಹಂಗಿಸಿದಾಗ ಬೆನ್ನಿಗೆ ನಿಲ್ಲಲು ಒಬ್ಬ ಮನುಷ್ಯ ಬೇಕು.

ಅಂಥ ಮನುಷ್ಯರನ್ನು ಒಟ್ಟುಗೂಡಿಸುವ ಶಕ್ತಿ ನಮ್ಮ ಮಠ, ಬಸದಿ, ಚರ್ಚು, ಜಮಾಅತ್‌ಗಳಿಗಿದೆ. ಬ್ರಾಹ್ಮಸಮಾಜದ ಕುದ್ಮುಲ್ ರಂಗರಾಯರು 1890ರ ದಶಕದಲ್ಲೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಉಜಿರೆಯ ಸಿದ್ಧವನ ಗುರುಕುಲ 1940ರಿಂದ ವಿದ್ಯಾರ್ಥಿಗಳಿಗೆ ಊಟ, ವಸತಿ ಕೊಡುತ್ತ ಬಂದಿದೆ. ಧರ್ಮಸಂಸ್ಥೆಗಳ ಈ ಶಕ್ತಿಯನ್ನು ವಿಚಾರವಾದಿಗಳೂ ಮನಸಾರೆ ಒಪ್ಪಬೇಕು.

ಆದರೆ ನೆರವಿಗೆ ಪ್ರಾರ್ಥನೆಯ ಬೆಲೆ ಕಟ್ಟಬಾರದು. ಮಾನ್ಯತೆ ಪಡೆದ ಶಾಲೆಯಲ್ಲಿ ಸಹ ಪೋಷಕರ ಒಪ್ಪಿಗೆಯಿಲ್ಲದೆ ಮಗುವಿಗೆ ಧರ್ಮಬೋಧನೆ ಮಾಡುವಂತಿಲ್ಲ ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಅನ್ನಕ್ಕೂ ಫೀಸಿಗೂ ದಾರಿಯಿಲ್ಲದ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಅಪ್ಪನ ಬಂಧನಕ್ಕೆ ಪಾಪ, ಕರ್ಮ, ಶಾಪಗಳ ವಿವರಣೆ ಕೊಡುವುದಂತೂ ಕ್ರೌರ್ಯ. ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು; ಅವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಸಾಬೀತಾದರೂ ಅದು ಅಪ್ಪನದು, ಮಗುವಿನದಲ್ಲ.

ಕೋಮುಗಲಭೆಯ ಕೇಸುಗಳನ್ನು ಬಂಟ್ವಾಳ ಸಾಕಷ್ಟು ಕಂಡಿದೆ. ಧರ್ಮದ ಹೆಸರಲ್ಲಿ ಯುವಕರನ್ನು ಬೀದಿಗೆ ಕರೆದವರು ಆಮೇಲೆ ಅವರ ಮಕ್ಕಳ ಫೀಸು ಕಟ್ಟಲು ಬಂದರೇ? ಧರ್ಮಸಂಸ್ಥೆಗಳು ಈ ಋಣ ತೀರಿಸಬೇಕಾದದ್ದು ಹೀಗೆ: ಜಾತಿ, ಮತ ಕೇಳದೆ ಒಂದೊಂದು ಮಗುವಿಗೆ ನಂಬಿಕಸ್ಥ ಹಿರಿಯರೊಬ್ಬರನ್ನು ಗೊತ್ತುಮಾಡಲಿ, ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಕೈಬಿಡದಿರಲಿ. ಅಪ್ಪನನ್ನು ನೋಡಿ ಬರಲು ಬಸ್ಸಿನ ಹಣ ಕೊಡಲಿ. ದೇವರನ್ನು ನಂಬಬೇಕೋ ಬೇಡವೋ ಎಂಬುದನ್ನು ಮಗು ದೊಡ್ಡದಾದ ಮೇಲೆ ತಾನೇ ಯೋಚಿಸಿ ತೀರ್ಮಾನಿಸಲಿ.